ಆಮೆ ಮೇಷ್ಟ್ರ ಬಾಕ್ಸಿಂಗ್ ಶಿಷ್ಯ

ನಮ್ಮ ಮನೆಯಲ್ಲಿ ಹದಿನೈದು ದಿನದಿಂದ ಒಂದು ವ್ಯಾಜ್ಯ ನಡೆಯುತ್ತಿದೆ. ಎಂಟನೇ ಕ್ಲಾಸಿನ ಮೊಮ್ಮಗಳಿಗೆ ಸ್ಕೂಲಿನಲ್ಲಿ ಹೊಸದಾಗಿ ಶುರುವಾಗಿರುವ ಬಾಕ್ಸಿಂಗ್ ಕ್ಲಾಸಿಗೆ ಸೇರಬೇಕು. ಅವಳ ಅಮ್ಮನಿಗೆ, ಅಂದರೆ ನಮ್ಮ ಸೊಸೆಗೆ, ಅದು ಸುತರಾಂ ಇಷ್ಟವಿಲ್ಲ. "ಮೂಗು ಮುರ್ಕೊಂಡು ಬಂದ್ರೆ ಏನ್ ಮಾಡೋದು ಮಾವ? ನೀವಾದ್ರೂ ಹೇಳಿ" ಎಂದು ಕಟ್ಟೆಪಂಚಾಯ್ತಿಯನ್ನು ನನ್ನ ಮುಂದೆ ತಂದಿಟ್ಟಳು. ಇಂಥ ಹೊತ್ತಿನಲ್ಲಿ ನನ್ನ ಮಗ ಫೋನ್ ಬಂದವನಂತೆ ಬಾಲ್ಕನಿಗೆ ಹೋಗಿಬಿಡುತ್ತಾನೆ.

ಮೊಮ್ಮಗಳು ತನ್ನ ಸಾಕ್ಷಿಯಾಗಿ ಜಪಾನಿನ ನವೋಯಾ ಇನೋವೆಯನ್ನು ಕರೆತಂದಳು, ಮೊಬೈಲಿನಲ್ಲಿ. 2022ರಲ್ಲಿ ಬ್ಯಾಂಟಮ್ ತೂಕದ ನಾಲ್ಕೂ ವಿಶ್ವ ಪ್ರಶಸ್ತಿ, 2023ರಲ್ಲಿ ಅದರ ಮೇಲಿನ ಸೂಪರ್ ಬ್ಯಾಂಟಮ್ ತೂಕದ ನಾಲ್ಕೂ ಪ್ರಶಸ್ತಿ ಗೆದ್ದವನು. ನೋಡಲು ನಮ್ಮ ಬೀದಿಯ ಮೆಡಿಕಲ್ ಸ್ಟೋರ್ ಹುಡುಗನ ಹಾಗೆ ಸಾಧುವಾಗಿದ್ದಾನೆ. ಎದುರಾಳಿ ಬೀಸಿದ ಕೈ ಅವನ ಕಿವಿಯ ಪಕ್ಕದಲ್ಲಿ ಗಾಳಿಗೆ ಹೋಗುತ್ತದೆ. "ನೋಡು ತಾತ, ಏಟು ತಿನ್ನೋದೇ ಇಲ್ಲ!" ಎಂದಳು.

ಆ ಮಾತು ಕೇಳಿದ್ದೇ ನನಗೆ ಇನ್ನೊಬ್ಬ ಜಪಾನೀಯನ ನೆನಪಾಯಿತು. ಅವನ ಕಥೆಯನ್ನು ಅಮ್ಮ, ಮಗಳು ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಈ ವಾರ ನಿಮಗೂ ಅದನ್ನೇ ಹೇಳುತ್ತೇನೆ.

ಅವನ ಹೆಸರು ಯೋಷಿಯೋ ಶಿರಾಯ್. ಹುಟ್ಟಿದ್ದು ಟೋಕಿಯೋದಲ್ಲಿ, 1923ರ ನವೆಂಬರ್ 23ರಂದು. ಆ ಸೆಪ್ಟೆಂಬರ್ ಒಂದನೇ ತಾರೀಖು ತಾನೇ ಮಹಾಭೂಕಂಪವಾಗಿ ಟೋಕಿಯೋದ ಬಹುಭಾಗ ಸುಟ್ಟುಹೋಗಿತ್ತು. ಅಂಥ ವರ್ಷದ ಕೂಸು. 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ವೃತ್ತಿ ಬಾಕ್ಸರ್ ಆಗಿ ರಿಂಗ್‌ಗೆ ಇಳಿದ. ಶುರು ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ನೌಕಾಪಡೆಗೆ ಸೇರಬೇಕಾಗಿ ಬಂತು. ಯುದ್ಧ ಮುಗಿದು ಹಿಂದಿರುಗಿದಾಗ ಜೊತೆಗೆ ತಂದದ್ದು ಸೊಂಟದ ನೋವು.

1945ರ ಟೋಕಿಯೋ ಹೇಗಿತ್ತೆಂದು ಮಕ್ಕಳಿಗೆ ಊಹಿಸುವುದು ಕಷ್ಟ. ಬಾಂಬ್ ದಾಳಿಯಲ್ಲಿ ಮರದ ಮನೆಗಳೆಲ್ಲ ಬೂದಿ. ಅಕ್ಕಿ ರೇಷನ್‌ನಲ್ಲಿ, ಅದೂ ಸಿಕ್ಕರೆ ಸಿಕ್ಕಿತು. ಜನ ಕಿಮೋನೋ ಹೊತ್ತುಕೊಂಡು ಹಳ್ಳಿಗೆ ರೈಲು ಹತ್ತಿ, ಅದನ್ನು ಕೊಟ್ಟು ಗೆಣಸು ತರುತ್ತಿದ್ದರು. ಸೋತ ದೇಶವನ್ನು ಆಳುತ್ತಿದ್ದವರು ಅಮೆರಿಕದ ಸೇನೆಯವರು. ಇಂಥ ಊರಿನಲ್ಲಿ ಸೊಂಟ ಹಿಡಿದ ಬಾಕ್ಸರ್‌ನನ್ನು ಯಾರು ಕೇಳುತ್ತಾರೆ? ಅರೆಹೊಟ್ಟೆಯಲ್ಲಿ ಗುದ್ದಾಡುವುದು ಹೇಗೆ? ಶಿರಾಯ್ ಬಾಕ್ಸಿಂಗ್ ಬಿಟ್ಟುಬಿಡುವ ಹಂತಕ್ಕೆ ಬಂದಿದ್ದ.

ಇಲ್ಲಿ ಕಥೆಗೆ ಆಮೆ ಮೇಷ್ಟ್ರು ಬರುತ್ತಾರೆ.

ಆಲ್ವಿನ್ ಕಾನ್ ಅಮೆರಿಕದ ಪ್ರಾಣಿಶಾಸ್ತ್ರಜ್ಞ. ಇಲಿನಾಯ್ ರಾಜ್ಯದ ಆಮೆಗಳ ಬಗ್ಗೆ 1937ರಲ್ಲಿ ಒಂದು ಪುಸ್ತಕವನ್ನೇ ಬರೆದವರು. ಯುದ್ಧದ ನಂತರ ಅಮೆರಿಕನ್ ಆಡಳಿತದ ನೈಸರ್ಗಿಕ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಸಿಕ್ಕಿ ಟೋಕಿಯೋಗೆ ಬಂದಿದ್ದರು. ಜಪಾನೀಯರು ಮುತ್ತನ್ನು ಹೇಗೆ ಬೆಳೆಸುತ್ತಾರೆ, ಸಿಂಪಿಗಳನ್ನು ಹೇಗೆ ಸಾಕುತ್ತಾರೆ ಎಂದು ನೋಡಿ ವರದಿ ಬರೆಯುವುದು ಅವರ ಕೆಲಸ. 1949ರಲ್ಲಿ ಮುತ್ತಿನ ವರದಿ, 1950ರಲ್ಲಿ ಸಿಂಪಿಯ ವರದಿ ಅಚ್ಚಾಗಿವೆ. ವಯಸ್ಸು ಐವತ್ತೈದು ದಾಟಿತ್ತು. ಬ್ಯಾಂಕಿನಲ್ಲಾದರೆ ಅಷ್ಟು ಹೊತ್ತಿಗೆ ನಾವು ಪಿಂಚಣಿ ಲೆಕ್ಕ ಹಾಕಲು ಶುರುಮಾಡಿರುತ್ತೇವೆ.

1948ರಲ್ಲಿ ಒಂದು ದಿನ ಇವರು ಟೋಕಿಯೋದ ಒಂದು ಬಾಕ್ಸಿಂಗ್ ಜಿಮ್‌ಗೆ ಹೋದರು. ಹತ್ತಾರು ಹುಡುಗರು ಬೆವರು ಸುರಿಸುತ್ತಿದ್ದರು. ಅವರಲ್ಲಿ ತೆಳ್ಳಗೆ, ಉದ್ದಕ್ಕೆ ಇದ್ದ ಒಬ್ಬನ ಮೇಲೆ ಅವರ ಕಣ್ಣು ನಿಂತಿತು. ಆ ಹುಡುಗನ ಕೈ ಹೊರಡುವ ಹೊತ್ತು, ತಲುಪುವ ಹೊತ್ತು ಎರಡೂ ತಕ್ಕಡಿಯಲ್ಲಿ ತೂಗಿದ ಹಾಗಿತ್ತು. ಬಾಕ್ಸಿಂಗ್ ಭಾಷೆಯಲ್ಲಿ ಅದನ್ನು ಟೈಮಿಂಗ್ ಎನ್ನುತ್ತಾರೆ. ಜಿಮ್‌ನವರ ಲೆಕ್ಕದಲ್ಲಿ ಅವನು ಮುಗಿದ ಅಧ್ಯಾಯ. ಕಾನ್ ಮಾತ್ರ "ಇವನನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಮುಂದೆ ಬಂದರು.

ಕಾನ್ ಗುದ್ದಾಟದಿಂದ ಹೊಟ್ಟೆ ಹೊರೆದವರಲ್ಲ. ಆದರೆ ಪ್ರಾಣಿಗಳ ಮೈ ಹೇಗೆ ಕೆಲಸ ಮಾಡುತ್ತದೆಂದು ತಿಳಿದವರು. ಅವರು ಮೊದಲು ಮಾಡಿದ್ದೇನು ಗೊತ್ತೇ? ಊಟ ಹಾಕಿದ್ದು. ಅಮೆರಿಕನ್ ಸಿಬ್ಬಂದಿಗೆ ಸಿಗುತ್ತಿದ್ದ ಮಾಂಸ, ಮೊಟ್ಟೆ, ಹಾಲು ಹುಡುಗನ ತಟ್ಟೆಗೆ ಬಂತು. ಸೊಂಟಕ್ಕೆ ವಿಶ್ರಾಂತಿ, ಆರೈಕೆ. ಆಮೇಲೆ ಅಭ್ಯಾಸ.

ಅಭ್ಯಾಸದಲ್ಲೂ ಅವರದು ಬೇರೆಯೇ ದಾರಿ. ಆಗ ಜಪಾನಿನಲ್ಲಿ ಜನ ಮೆಚ್ಚುತ್ತಿದ್ದ ಬಾಕ್ಸಿಂಗ್ ಎಂದರೆ ನುಗ್ಗುವುದು. ಎರಡು ಏಟು ತಿಂದರೂ ಸರಿ, ಮೂರು ಕೊಡಬೇಕು. ಯುದ್ಧಕ್ಕೆ ಮುಂಚಿನ ದೊಡ್ಡ ಹೀರೋ ಹೊರಿಗುಚಿಗೆ 'ಪಿಸ್ಟನ್' ಎಂದೇ ಅಡ್ಡಹೆಸರು. ಎಂಜಿನ್ ಒಳಗಿನ ಪಿಸ್ಟನ್ ಹಾಗೆ ನಿಲ್ಲದೆ ಗುದ್ದುತ್ತಿದ್ದವನು. ಕಾನ್ ಇದನ್ನು ತಲೆಕೆಳಗು ಮಾಡಿದರು. ಮೊದಲು ಏಟು ತಪ್ಪಿಸಿಕೊಳ್ಳುವುದನ್ನು ಕಲಿ, ಹೊಡೆಯುವುದು ಆಮೇಲೆ ಎಂದರು. ಉದ್ದನೆಯ ಎಡಗೈಯನ್ನು ನೇರವಾಗಿ ಚಾಚಿ ಎದುರಾಳಿಯನ್ನು ದೂರವೇ ಇಡು. ಕಾಲು ಒಂದೇ ಕಡೆ ಊರಬೇಡ. ಅವನು ಗುರಿ ತಪ್ಪಿದ ಕ್ಷಣದಲ್ಲಿ ಬಲಗೈ ಬಿಡು.

ಇಷ್ಟು ಹೇಳುವಾಗ ಸೊಸೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದಳು. ನಾನು ಗಮನಿಸದವನಂತೆ ಮುಂದುವರಿಸಿದೆ.

1949ರಲ್ಲಿ ಶಿರಾಯ್ ಜಪಾನಿನ ಫ್ಲೈವೇಟ್ ಚಾಂಪಿಯನ್ ಆದ. ಅದೇ ವರ್ಷ ಅದಕ್ಕಿಂತ ಮೇಲಿನ ಬ್ಯಾಂಟಮ್ ತೂಕದ ಪಟ್ಟವನ್ನೂ ಗೆದ್ದ. ಫ್ಲೈ ಎಂದರೆ ನೊಣ. ಈ ವಿಭಾಗದವರು 112 ಪೌಂಡ್ ಮೀರುವಂತಿಲ್ಲ, ನಮ್ಮ ಲೆಕ್ಕದಲ್ಲಿ 50 ಕಿಲೋ 800 ಗ್ರಾಂ. ಒಂದು ಮೂಟೆ ಅಕ್ಕಿಯ ತೂಕ ಅಂತಿಟ್ಟುಕೊಳ್ಳಿ. ಶಿರಾಯ್ ಐದೂವರೆ ಅಡಿ ಎತ್ತರ. ಆ ಎತ್ತರಕ್ಕೆ ಆ ತೂಕವೆಂದರೆ ಮೈಮೇಲೆ ಏನಿದ್ದೀತು?

ಆಗ ಇಡೀ ಪ್ರಪಂಚದ ಫ್ಲೈವೇಟ್ ಚಾಂಪಿಯನ್ ಒಬ್ಬ ತಾತ! ತಮಾಷೆಗಲ್ಲ. ಹವಾಯಿ ದ್ವೀಪದ ದಾದೋ ಮರೀನೋ, ಫಿಲಿಪೀನ್ಸ್ ಮೂಲದವನು. 1950ರಲ್ಲಿ ಇಂಗ್ಲೆಂಡಿನ ಟೆರಿ ಆಲೆನ್‌ನನ್ನು ಸೋಲಿಸಿ ವಿಶ್ವ ಪಟ್ಟ ಗೆದ್ದಾಗ ವಯಸ್ಸು ಮೂವತ್ತೈದರ ಆಸುಪಾಸು, ಆಗಲೇ ಮೊಮ್ಮಗು ಹುಟ್ಟಿತ್ತು. ತಾತನಾದ ಮೇಲೆ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಬಾಕ್ಸರ್ ಎಂದು ಅವನನ್ನು ಕರೆಯುತ್ತಾರೆ. (ಇದನ್ನು ಹೇಳಿದಾಗ ಮೊಮ್ಮಗಳು ನನ್ನ ತೋಳು ಮುಟ್ಟಿ ನೋಡಿ ನಕ್ಕಳು. ನಾನು ಸುಮ್ಮನಿದ್ದೆ.)

1951ರ ಮೇ ತಿಂಗಳಲ್ಲಿ ಮರೀನೋ ಟೋಕಿಯೋಗೆ ಬಂದ. ಪಟ್ಟ ಪಣಕ್ಕಿಡದ ಪಂದ್ಯ. ಶಿರಾಯ್ ಸೋತ, ಆದರೆ ಕೂದಲೆಳೆಯಲ್ಲಿ. ತೀರ್ಪುಗಾರರಲ್ಲೇ ಒಮ್ಮತವಿರಲಿಲ್ಲ. ಡಿಸೆಂಬರ್‌ನಲ್ಲಿ ಶಿರಾಯ್ ಹವಾಯಿಗೆ, ಮರೀನೋನ ಸ್ವಂತ ಊರಾದ ಹೊನೊಲುಲುವಿಗೇ ಹೋದ. ಏಳನೇ ಸುತ್ತಿನಲ್ಲಿ ಪಂದ್ಯ ನಿಲ್ಲಿಸಬೇಕಾಯಿತು, ಗೆದ್ದವನು ಶಿರಾಯ್. ಈಗ ಪಟ್ಟ ಪಣಕ್ಕಿಡದೆ ವಿಧಿಯಿಲ್ಲ.

ಇಲ್ಲಿ ಒಂದು ಸ್ವಾರಸ್ಯ. ಅಮೆರಿಕನ್ ಬಾಕ್ಸರ್ ಮರೀನೋನ ಮ್ಯಾನೇಜರ್ ಸ್ಯಾಮ್ ಇಚಿನೋಸೆ, ಹವಾಯಿಯಲ್ಲಿ ನೆಲೆಸಿದ್ದ ಜಪಾನೀ ಮೂಲದವನು. ಜಪಾನೀ ಬಾಕ್ಸರ್ ಶಿರಾಯ್‌ನ ಮ್ಯಾನೇಜರ್ ಅಮೆರಿಕದ ಕಾನ್. ಏಳೇ ವರ್ಷದ ಹಿಂದೆ ಪರಸ್ಪರ ಬಾಂಬ್ ಹಾಕಿಕೊಂಡ ಎರಡು ದೇಶ. ಯುದ್ಧ ಶುರುವಾದದ್ದೂ ಹೊನೊಲುಲುವಿನ ಮಗ್ಗುಲಿನ ಪರ್ಲ್ ಹಾರ್ಬರ್‌ನಲ್ಲೇ.

ಇನ್ನೊಂದು ತೊಡಕಿತ್ತು. ವಿಶ್ವ ಪಟ್ಟದ ಪಂದ್ಯ ನಡೆಸಲು ಆ ದೇಶದಲ್ಲಿ ನಿಯಮ ನೋಡಿಕೊಳ್ಳುವ ಸಂಸ್ಥೆ ಬೇಕು. ಜಪಾನಿನಲ್ಲಿ ಇರಲಿಲ್ಲ. 1952ರ ಏಪ್ರಿಲ್ 21ರಂದು ಜಪಾನ್ ಬಾಕ್ಸಿಂಗ್ ಕಮಿಷನ್ ಹುಟ್ಟಿತು. ಒಂದು ವಾರ ಕಳೆದು, ಏಪ್ರಿಲ್ 28ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ಶಾಂತಿ ಒಪ್ಪಂದ ಜಾರಿಗೆ ಬಂದು ಜಪಾನ್ ಮತ್ತೆ ಸ್ವತಂತ್ರವಾಯಿತು. ಅದಾದ ಇಪ್ಪತ್ತೊಂದನೇ ದಿನ, ಮೇ 19ರಂದು, ಟೋಕಿಯೋದ ಕೊರಾಕುಯೆನ್ ಬೇಸ್‌ಬಾಲ್ ಮೈದಾನದ ನಡುವೆ ರಿಂಗ್ ಕಟ್ಟಿದರು. 40,000 ಜನ ಸೇರಿದ್ದರು ಎನ್ನುತ್ತಾರೆ.

ಸೋತ ದೇಶಕ್ಕೆ ತಲೆಯೆತ್ತಲು ಅದುವರೆಗೆ ಸಿಕ್ಕಿದ್ದು ಬೆರಳೆಣಿಕೆ. 1949ರಲ್ಲಿ ಈಜುಗಾರ ಫುರುಹಾಶಿ ಲಾಸ್ ಏಂಜಲೀಸ್‌ನಲ್ಲಿ ವಿಶ್ವ ದಾಖಲೆ ಮುರಿದದ್ದು, ಅದೇ ವರ್ಷ ವಿಜ್ಞಾನಿ ಯುಕಾವಾಗೆ ನೊಬೆಲ್ ಬಂದದ್ದು. ಹಾಗಾಗಿ ಆ ರಾತ್ರಿ ಅಕ್ಕಿಮೂಟೆ ತೂಕದ ಆ ಹುಡುಗನ ಹೆಗಲ ಮೇಲೆ ಎಷ್ಟು ಭಾರ ಇತ್ತು ಎಂದು ಯೋಚಿಸಿ. ನಿನಗಾಗಿ ಅಲ್ಲ, ನಿನ್ನ ದೇಶದವರಿಗಾಗಿ ಆಡು ಎಂಬರ್ಥದ ಮಾತನ್ನು ಕಾನ್ ಹೇಳಿದ್ದರಂತೆ. ಗೆದ್ದ ದೇಶದವರೊಬ್ಬರು ಸೋತ ದೇಶದ ಹುಡುಗನಿಗೆ ಹೇಳಿದ್ದು ಇದು.

ಹದಿನೈದು ಸುತ್ತು. ಸುತ್ತಿಗೆ ಮೂರು ನಿಮಿಷ, ನಡುವೆ ಒಂದೊಂದು ನಿಮಿಷ ಬಿಡುವು. ಗುಮಾಸ್ತನ ಬುದ್ಧಿ, ಕೂಡಿ ನೋಡಿದೆ: ನಲವತ್ತೈದು ನಿಮಿಷ ಗುದ್ದಾಟ, ಹದಿನಾಲ್ಕು ನಿಮಿಷ ಸುಧಾರಿಕೆ, ಒಟ್ಟು ಐವತ್ತೊಂಬತ್ತು ನಿಮಿಷ. ನಡುವೆ ಒಮ್ಮೆ ಮರೀನೋನ ಏಟಿಗೆ ಶಿರಾಯ್ ತತ್ತರಿಸಿದ. ಸಾವರಿಸಿಕೊಂಡ. ಮತ್ತೆ ಆ ಉದ್ದನೆಯ ಎಡಗೈ, ಮತ್ತೆ ಆ ಕಾಲಿನ ಚಲನೆ. ಕೊನೆಗೆ ತೀರ್ಪುಗಾರರೆಲ್ಲ ಒಂದೇ ಹೆಸರು ಬರೆದರು. ಜಪಾನಿಗೆ ಮೊಟ್ಟಮೊದಲ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಸಿಕ್ಕಿದ. ಅವನಿಗೆ ಇಪ್ಪತ್ತೆಂಟು ವರ್ಷ. ಮೇ 19ನ್ನು ಅಲ್ಲಿನವರು ಇಂದಿಗೂ 'ಬಾಕ್ಸಿಂಗ್ ದಿನ' ಎಂದು ಆಚರಿಸುತ್ತಾರೆ.

ಇಷ್ಟು ಹೊತ್ತು ಅವನು, ಇವನು ಎಂದೆ. ವಿಶ್ವ ಚಾಂಪಿಯನ್ ಆದ ಮೇಲೆ ಏಕವಚನ ತರವಲ್ಲ. ಇನ್ನು ಮುಂದೆ ಅವರು ಎನ್ನೋಣ.

ಪಟ್ಟವನ್ನು ಶಿರಾಯ್ ನಾಲ್ಕು ಸಲ ಉಳಿಸಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಮರೀನೋ ಮತ್ತೆ ಬಂದು ಮತ್ತೆ ಸೋತ. 1953ರಲ್ಲಿ ಫಿಲಿಪೀನ್ಸ್‌ನ ಟ್ಯಾನಿ ಕ್ಯಾಂಪೋ, ಆಮೇಲೆ ಇಂಗ್ಲೆಂಡಿನ ಟೆರಿ ಆಲೆನ್. 1954ರಲ್ಲಿ ಲಿಯೋ ಎಸ್ಪಿನೋಸಾ. ಆಲೆನ್ ಜೊತೆಗಿನ ಪಂದ್ಯದ ಹೊತ್ತಿಗೆ ಜಪಾನಿನಲ್ಲಿ ಟೀವಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಮನೆಯಲ್ಲಿ ಟೀವಿ ಯಾರಿಗಿತ್ತು? ಕಂಪನಿಯವರು ಚೌಕಗಳಲ್ಲಿ, ರೈಲು ನಿಲ್ದಾಣಗಳ ಮುಂದೆ ಟೀವಿ ಇಟ್ಟಿದ್ದರು. ಜನ ಬೀದಿ ತುಂಬ ನಿಂತು ನೋಡಿದರು. ನಮ್ಮಲ್ಲಿ 1983ರಲ್ಲಿ ಕಪಿಲ್ ದೇವ್ ಕಪ್ ಎತ್ತಿದಾಗ ಟೀವಿ ಇದ್ದ ಒಂದು ಮನೆಯ ಮುಂದೆ ಇಡೀ ಬೀದಿ ಸೇರಿದ್ದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಆಮೇಲೆ ಅರ್ಜೆಂಟೀನಾದ ಪಾಸ್ಕುವಲ್ ಪೆರೆಸ್ ಬಂದ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. ಎತ್ತರ ಐದಡಿಯೂ ಇಲ್ಲ. ಶಿರಾಯ್ ಅವರ ಎದೆಮಟ್ಟಕ್ಕೆ ಬರುತ್ತಿದ್ದ. ಆದರೆ ಪುಟ್ಟ ಪಟಾಕಿ. 1954ರ ಜುಲೈನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಇಬ್ಬರೂ ಪಟ್ಟ ಪಣಕ್ಕಿಡದೆ ಆಡಿದಾಗ ಡ್ರಾ ಆಯಿತು. ನವೆಂಬರ್ 26ರಂದು ಟೋಕಿಯೋದಲ್ಲಿ ಪಟ್ಟಕ್ಕಾಗಿ ಆಡಿದಾಗ ಪೆರೆಸ್ ಗೆದ್ದ. ಉದ್ದ ಕೈಯವನನ್ನು ಹೇಗೆ ಹಿಡಿಯಬೇಕೆಂದು ಅವನು ಕಂಡುಕೊಂಡಿದ್ದ. ಆ ಕೈಯ ಕೆಳಗೆ ನುಸುಳಿ ಒಳಗೆ ಬಂದುಬಿಡುವುದು. 1955ರ ಮೇ 30ರಂದು ಮರುಪಂದ್ಯ. ಐದನೇ ಸುತ್ತಿನಲ್ಲಿ ಶಿರಾಯ್ ನೆಲಕ್ಕೆ ಬಿದ್ದರು, ಎಣಿಕೆ ಮುಗಿಯಿತು.

ಮೊಮ್ಮಗಳ ಮುಖ ಬಾಡಿತು. "ಮತ್ತೆ ಆಡಿ ಗೆಲ್ಲಲಿಲ್ವಾ?" ಇಲ್ಲ. ಅಲ್ಲಿಗೇ ನಿಲ್ಲಿಸಿದರು. ಮೂವತ್ತೊಂದು ವರ್ಷ ವಯಸ್ಸು. ಒಟ್ಟು 58 ಪಂದ್ಯಗಳಲ್ಲಿ 46 ಗೆಲುವು, 8 ಸೋಲು, 4 ಡ್ರಾ. ಆ ಹೆಸರಿಗೆ ಇನ್ನೂ ನಾಲ್ಕೈದು ವರ್ಷ ಟಿಕೆಟ್ ಮಾರಬಹುದಿತ್ತು. ಎಷ್ಟೋ ಬಾಕ್ಸರ್‌ಗಳು ಹಾಗೆ ಮಾಡಿ, ಮುಪ್ಪಿನಲ್ಲಿ ಮಾತು ತೊದಲುವ, ಕೈ ನಡುಗುವ ಸ್ಥಿತಿಗೆ ಬಂದಿದ್ದಾರೆ. ಇದನ್ನು ಮುಚ್ಚಿಡುವುದು ನನಗಿಷ್ಟವಿಲ್ಲ. 1982ರಲ್ಲಿ ದಕ್ಷಿಣ ಕೊರಿಯಾದ ಬಾಕ್ಸರೊಬ್ಬ ರಿಂಗ್‌ನಲ್ಲಿ ಬಿದ್ದ ಏಟಿನಿಂದ ಪ್ರಾಣ ಬಿಟ್ಟ ಮೇಲೆಯೇ ಹದಿನೈದು ಸುತ್ತಿನ ಪಂದ್ಯಗಳನ್ನು ಹನ್ನೆರಡಕ್ಕೆ ಇಳಿಸತೊಡಗಿದ್ದು. ಸೊಸೆಯ ಭಯ ಕಟ್ಟುಕಥೆಯಲ್ಲ.

ಶಿರಾಯ್ ಮಾತ್ರ ನೆಟ್ಟಗೆ ಮನೆಗೆ ಹೋದರು. ಟೀವಿಯಲ್ಲಿ ಬಾಕ್ಸಿಂಗ್ ವೀಕ್ಷಕ ವಿವರಣೆ ಕೊಟ್ಟರು. ಎಪ್ಪತ್ತು ದಾಟಿದ ಮೇಲೆ, 1995ರಲ್ಲಿ, ಒಕಿನಾವಾದ ಚಾಂಪಿಯನ್ ಯೋಕೋ ಗುಶಿಕೆನ್ ಜೊತೆ ಸೇರಿ ಒಂದು ಜಿಮ್ ತೆರೆದರು.

ಅವರ ಪಟ್ಟವೂ ತಿರುಗಿ ಮನೆಗೆ ಬಂತು, ಸುತ್ತಿ ಬಳಸಿ. ಪೆರೆಸ್‌ನಿಂದ ಅದನ್ನು 1960ರಲ್ಲಿ ಥಾಯ್ಲೆಂಡಿನ ಪೋನ್ ಕಿಂಗ್‌ಪೆಚ್ ಗೆದ್ದ. ಅವನಿಂದ 1962ರಲ್ಲಿ ಹತ್ತೊಂಬತ್ತು ವರ್ಷದ ಹುಡುಗ ಹರಾಡಾ ಟೋಕಿಯೋದಲ್ಲಿ ಗೆದ್ದ. ಜಪಾನಿನ ಎರಡನೇ ವಿಶ್ವ ಚಾಂಪಿಯನ್ ಅವನು. ನಡುವೆ ಹತ್ತು ವರ್ಷ ಕಳೆದಿತ್ತು.

ಆದರೆ ನನಗೆ ಹೆಚ್ಚು ಹಿಡಿಸುವುದು ಪಟ್ಟದ ಲೆಕ್ಕವಲ್ಲ. ಅಮೆರಿಕದ ಆಡಳಿತ ಮುಗಿದು ಅಧಿಕಾರಿಗಳೆಲ್ಲ ಗಂಟುಮೂಟೆ ಕಟ್ಟಿದರೂ ಕಾನ್ ಹೋಗಲಿಲ್ಲ. ಶಿಷ್ಯನ ಜೊತೆ ಜಪಾನಿನಲ್ಲೇ ಉಳಿದರು. ಅವರಿಗೆ ಮಕ್ಕಳಿರಲಿಲ್ಲ. ಶಿಷ್ಯ ರಿಂಗ್ ಬಿಟ್ಟ ಮೇಲೂ ಸಂಬಂಧ ಬಿಡಲಿಲ್ಲ. ಮುದುಕರಾಗಿ ಕೈಲಾಗದೆ ಹೋದಾಗ ಅವರನ್ನು ನೋಡಿಕೊಂಡವರು ಶಿರಾಯ್ ಮತ್ತು ಅವರ ಹೆಂಡತಿ. 1971ರಲ್ಲಿ ಕಾನ್ ತೀರಿಕೊಳ್ಳುವವರೆಗೂ ಹೆತ್ತ ತಂದೆಯ ಹಾಗೆ ನೋಡಿಕೊಂಡರು. ಕಾನ್ ತಮ್ಮ ಆಸ್ತಿಯನ್ನು ಶಿರಾಯ್ ಅವರಿಗೇ ಬಿಟ್ಟುಹೋದರು.

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಡ್ಜರ್ ಬರೆದವನು ನಾನು. ಜಮಾ, ಖರ್ಚು ತಾಳೆಯಾಗದಿದ್ದರೆ ರಾತ್ರಿ ಎಂಟಾದರೂ ಮನೆಗೆ ಹೋಗುವಂತಿಲ್ಲ. ಈ ಇಬ್ಬರ ಖಾತೆಯನ್ನು ತಾಳೆ ಮಾಡಲು ನೋಡಿದೆ. 1948ರಲ್ಲಿ ಹಾಕಿದ ಹಾಲು, ಮೊಟ್ಟೆಗೆ ಇಪ್ಪತ್ತು ವರ್ಷದ ಮೇಲೆ ಕುಡಿಸಿದ ಗಂಜಿ ಸಮವಾಯಿತೇ? ಯಾರು ಯಾರಿಗೆ ಬಾಕಿ? ಲೆಕ್ಕ ಹತ್ತಲಿಲ್ಲ, ಪೆನ್ನು ಕೆಳಗಿಟ್ಟೆ.

ಶಿರಾಯ್ ಎಂಬತ್ತು ವರ್ಷ ಬದುಕಿದರು. 2003ರ ಡಿಸೆಂಬರ್ 26ರಂದು ತೀರಿಕೊಂಡರು. ಸರಿಯಾಗಿ ಇಪ್ಪತ್ತು ವರ್ಷದ ನಂತರ, 2023ರ ಡಿಸೆಂಬರ್ 26ರಂದು, ಅದೇ ಟೋಕಿಯೋದಲ್ಲಿ ಇನೋವೆ ನಾಲ್ಕೂ ಪಟ್ಟ ಗೆದ್ದದ್ದು. ಮೊಮ್ಮಗಳು ತೋರಿಸಿದ ವಿಡಿಯೋ ಆ ಪಂದ್ಯದ್ದೇ. ತಾರೀಖು ಕಾಕತಾಳೀಯ, ಅದಕ್ಕೆ ಅರ್ಥ ಹಚ್ಚುವುದು ಬೇಡ. ಆದರೆ ಕಿವಿಯ ಪಕ್ಕದಲ್ಲಿ ಗಾಳಿಗೆ ಹೋದ ಆ ಏಟನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದೆ.

ಕಥೆ ಮುಗಿದ ಮೇಲೆ ಸೊಸೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗಳನ್ನು ಕೇಳಿದಳು: "ನಿಮ್ಮ ಸ್ಕೂಲ್ ಪಿ.ಟಿ. ಸರ್ ಮೊದಲು ಏನ್ ಕಲಿಸ್ತಾರೆ, ಹೊಡೆಯೋದನ್ನೋ ತಪ್ಪಿಸ್ಕೊಳ್ಳೋದನ್ನೋ?"

ಅವಳಿಗೆ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಸೊಸೆ ಸ್ಕೂಲಿಗೆ ಹೋಗಿ ಅವರನ್ನೇ ಕೇಳುತ್ತಾಳಂತೆ. ತಲೆಗೆ ಹಾಕುವ ಗಾರ್ಡ್ ಇದೆಯೋ ಇಲ್ಲವೋ ಅದನ್ನೂ ನೋಡಿ ಬರುತ್ತಾಳಂತೆ. ನನ್ನನ್ನೂ ಕರೆದಿದ್ದಾಳೆ. ಬಾಲ್ಕನಿಯಿಂದ ಮಗ ಒಳಗೆ ಬಂದು, "ಏನು, ತೀರ್ಮಾನ ಆಯ್ತಾ?" ಎಂದ.